ಓಟಿ ಬರಲಿ, ಬೇಸಿಕ್ ಬಿಡಬೇಡಿ

ವೇತನ ಒಪ್ಪಂದದ ಮಾತುಕತೆ ಶುರುವಾದರೆ ಸಾಕು, ಓಟಿಯ (ಹೆಚ್ಚುವರಿ ಗಂಟೆಯ ಕೆಲಸದ) ಆಸೆಗೆ ಬೇಸಿಕ್ (ಮೂಲ ವೇತನ) ಬಿಡಬೇಡಿ ಎನ್ನುವ ಇದೊಂದು ವಿಷಯವನ್ನು ನಾನು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಹೋದ ತಿಂಗಳು ಮಂಗಳೂರು ಬಳಿಯ ಬೈಕಂಪಾಡಿಯ ಮೀನು ಸಂಸ್ಕರಣಾ ಘಟಕವೊಂದರ ಯೂನಿಯನ್‌ನವರು ಸಲಹೆ ಕೇಳಿ ಬಂದಿದ್ದರು. ಅವರು ಬೇಸಿಕ್‌ಗೆ 2,000 ರೂಪಾಯಿ ಏರಿಕೆ ಕೇಳಿದ್ದಾರೆ. ಆಡಳಿತದವರು ಬೇಸಿಕ್ ಮುಟ್ಟಲು ಒಪ್ಪದೆ, ಇಷ್ಟ ಇದ್ದವರಿಗೆ ತಿಂಗಳಿಗೆ 24 ಗಂಟೆ ಓಟಿ ಕೊಡುತ್ತೇವೆ ಎಂದಿದ್ದಾರೆ.

"ಓಟಿಯಲ್ಲೇ ನಾಲ್ಕು ಸಾವಿರ ಬರ್ತದೆ ಸರ್. ಮತ್ತೆ ಎಂತಕ್ಕೆ ಗಲಾಟೆ?" ಎಂದ ಒಬ್ಬ ಹುಡುಗ.

ಅವನ ಲೆಕ್ಕ ತಪ್ಪಲ್ಲ. ಬೇಸಿಕ್, ಡಿಎ (ತುಟ್ಟಿಭತ್ಯೆ) ಸೇರಿ 18,000 ಇದ್ದರೆ 26 ದಿನದ ಲೆಕ್ಕದಲ್ಲಿ ಗಂಟೆಗೆ ಸುಮಾರು 86 ರೂಪಾಯಿ. ಓಟಿಗೆ ಕಾನೂನು ಇಮ್ಮಡಿ ಕೊಡಬೇಕೆನ್ನುತ್ತದೆ, 173 ಆಯಿತು. 24 ಗಂಟೆಗೆ 4,150ರ ಆಸುಪಾಸು. ಆದರೆ ಅದಕ್ಕಾಗಿ ಮೂರು ದಿನದ ಕೆಲಸ ಹೆಚ್ಚು ಮಾಡಬೇಕು. ಬೇಸಿಕ್‌ನ 2,000 ಮಾತ್ರ ಮಾಮೂಲು ಎಂಟು ಗಂಟೆಗೇ ಬರುತ್ತದೆ.

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಗೆ ಸಿಗುವ ಇಡಿಗಂಟನ್ನು, ಲೆಕ್ಕ ಮಾಡುವುದು ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎ ಮೇಲೆ: ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಆಮೇಲೆ ಸೇವೆಯ ವರ್ಷಗಳಿಂದ ಗುಣಿಸಬೇಕು. 26 ವರ್ಷ ದುಡಿದವನಿಗೆ ಬೇಸಿಕ್‌ನ 2,000 ರೂಪಾಯಿ ಗ್ರಾಚ್ಯುಟಿಯಲ್ಲಿ 30,000 ಆಗುತ್ತದೆ. ಇವತ್ತಿನ ಏರಿಕೆ ಹಿಂದಿನ ಎಲ್ಲ ವರ್ಷಗಳಿಗೂ ಅಂಟಿಕೊಳ್ಳುತ್ತದೆ. ಅದೇ 26 ವರ್ಷ ಮಾಡಿದ ಓಟಿಗೆ ಅಲ್ಲಿ ಸಿಗುವುದು ಸೊನ್ನೆ. ಪಿಎಫ್ (ಭವಿಷ್ಯ ನಿಧಿ) ಲೆಕ್ಕಕ್ಕೂ ಓಟಿ ಸೇರದು, ರಜೆ ಸಂಬಳಕ್ಕೂ ಸೇರದು. ಹೊಸ ವೇತನ ಸಂಹಿತೆಯಲ್ಲೂ ಓಟಿ ಭತ್ಯೆಯನ್ನು 'ವೇತನ'ದಿಂದ ಹೊರಗೇ ಇಟ್ಟಿದ್ದಾರೆ. ಭತ್ಯೆಗಳೆಲ್ಲ ಸೇರಿ ಒಟ್ಟು ಸಂಬಳದ ಅರ್ಧ ಮೀರಿದರೆ ಲೆಕ್ಕ ಬದಲಾಗುತ್ತದೆ, ಪಿಎಫ್ ಲೆಕ್ಕವನ್ನು 15,000 ವೇತನದ ಮಿತಿಗೆ ನಿಲ್ಲಿಸುವ ಕಂಪನಿಗಳೂ ಉಂಟು. ಹಾಗಾಗಿ ನಿಮ್ಮ ಸಂಬಳದ ಸ್ಲಿಪ್ ನೋಡದೆ ಖಚಿತ ಅಂಕಿ ನಾನು ಹೇಳಲಾರೆ.

ಇನ್ನೊಂದು ಮಾತು. ಬೇಸಿಕ್ ಏರಿದರೆ ಓಟಿ ದರವೂ ಏರುತ್ತದೆ. 2,000 ಏರಿದರೆ ಗಂಟೆಗೆ 19 ರೂಪಾಯಿ ಹೆಚ್ಚು. ಓಟಿ ಏರಿದರೆ ಬೇಸಿಕ್ ಒಂದು ಪೈಸೆಯೂ ಏರುವುದಿಲ್ಲ.

ಕೆಲವು ವರ್ಷದ ಹಿಂದೆ ಬೇರೆ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರು ಗ್ರಾಚ್ಯುಟಿಯ ಕಾಗದ ಹಿಡಿದು ಬಂದಿದ್ದರು. ತುಂಬ ಹೊತ್ತು ಅದನ್ನೇ ನೋಡಿ, "ಭಾನುವಾರವೆಲ್ಲ ದುಡಿದದ್ದು ಇದರಲ್ಲಿ ಎಲ್ಲಿ ಉಂಟು ಸರ್?" ಎಂದು ಕೇಳಿದರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಅವರಿಗೆ ಚಹಾ ತರಿಸಿದೆ, ಉತ್ತರ ಹೇಳಲು ಬಾಯಿ ಬರಲಿಲ್ಲ.

ಸೊಸೈಟಿ ಸಾಲದ ಕಂತಿಗೆ, ಮಗಳ ಫೀಸಿಗೆ ಓಟಿ ಮಾಡುವವರನ್ನು ನಾನು ಬೈಯುವುದಿಲ್ಲ. ಮಾಡಿ. ಅದನ್ನು ಬೇಸಿಕ್‌ನ ಬದಲಿಗೆ ತೆಗೆದುಕೊಳ್ಳಬೇಡಿ ಎನ್ನುವುದಷ್ಟೇ ನನ್ನ ಹಟ. 'ಇಷ್ಟ ಇದ್ದವರಿಗೆ' ಎನ್ನುವ ಮಾತನ್ನೂ ನೆಚ್ಚಬೇಡಿ. ಎರಡು ಸಲ ಬರುವುದಿಲ್ಲ ಎಂದವನ ಹೆಸರು ಮೂರನೆಯ ಸಲ ಪಟ್ಟಿಯಲ್ಲೇ ಇಲ್ಲದ್ದನ್ನು ಕಂಡಿದ್ದೇನೆ.

ಆ ಹುಡುಗನ ಹತ್ತಿರ ಹೋದ ವರ್ಷದ ಸ್ಲಿಪ್‌ಗಳು ಪ್ಲಾಸ್ಟಿಕ್ ಕವರಿನಲ್ಲಿದ್ದವು. ಏಪ್ರಿಲ್‌ನದ್ದನ್ನೂ ಜೂನ್‌ನದ್ದನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಡಿಸಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ, ದೊಡ್ಡ ಬೋಟುಗಳೆಲ್ಲ ದಡದಲ್ಲಿ. ಮೀನೇ ಬಾರದಿದ್ದರೆ ಓಟಿ ಎಲ್ಲಿಂದ? ಏಪ್ರಿಲ್‌ನ ಓಟಿ ಕಾಲಂನಲ್ಲಿ ನಾಲ್ಕಂಕಿಯ ಮೊತ್ತ, ಜೂನ್‌ನದರಲ್ಲಿ ಸೊನ್ನೆ. ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ. ಒದ್ದೆಯಲ್ಲೇ ಕೆಲಸ ಮಾಡಿ ಬೆಳ್ಳಗೆ ಸುಕ್ಕುಗಟ್ಟಿದ ಬೆರಳನ್ನು ಅವನು ಆ ಸೊನ್ನೆಯ ಮೇಲೆ ಇಟ್ಟು ಸುಮ್ಮನಾದ.

ಬರುವ ಭಾನುವಾರ ಅವರ ಮಹಾಸಭೆ. ಎಲ್ಲರೂ ಜೂನ್, ಜುಲೈ ಸ್ಲಿಪ್ ತರಬೇಕು ಎಂದು ನೋಟಿಸಿನಲ್ಲೇ ಬರೆಸಿದ್ದೇನೆ.