ಕೊರಿಯಾದ ಧರ್ಮಗಳು: ಹಿರಿಯರ ಎಡೆಯ ಕಡೆಯಿಂದ ಒಂದು ಓದು

ದಕ್ಷಿಣ ಕೊರಿಯಾದ 2015ರ ಜನಗಣತಿಯಲ್ಲಿ ನೂರಕ್ಕೆ 56.1 ಮಂದಿ ತಮಗೆ ಧರ್ಮವಿಲ್ಲ ಎಂದು ಬರೆಸಿದರು. ಪ್ರೊಟೆಸ್ಟೆಂಟರು 19.7, ಬೌದ್ಧರು 15.5, ಕ್ಯಾಥೊಲಿಕರು 7.9. ಅಂಕಿಗಳನ್ನು ನೆನಪಿಟ್ಟುಕೊಳ್ಳಿ, ಪರೀಕ್ಷೆಗೆ ಬೇಕಾಗುತ್ತವೆ. ಆದರೆ ಅಷ್ಟಕ್ಕೇ ನಿಂತರೆ ಕೊರಿಯಾ ಅರ್ಥವಾಗುವುದಿಲ್ಲ. ಧರ್ಮವಿಲ್ಲ ಎಂದವರಲ್ಲೂ ಎಷ್ಟೋ ಮಂದಿ ಚುಸೊಕ್ ಎಂಬ ಸುಗ್ಗಿ ಹಬ್ಬದ ಬೆಳಿಗ್ಗೆ ತೀರಿಕೊಂಡ ಅಜ್ಜ ಅಜ್ಜಿಯರಿಗೆ ಎಡೆ ಇಟ್ಟು ಅಡ್ಡಬೀಳುತ್ತಾರೆ. ಹಾಗಾಗಿ ಈ ಟಿಪ್ಪಣಿಯಲ್ಲಿ ಒಂದೊಂದು ಧರ್ಮಕ್ಕೂ ನಾವು ಕೇಳುವ ಪ್ರಶ್ನೆ ಒಂದೇ: ಸತ್ತ ಹಿರಿಯರ ವಿಷಯದಲ್ಲಿ ನೀವು ಏನು ಮಾಡಿದಿರಿ? ಕೊರಿಯಾದ ಧಾರ್ಮಿಕ ಇತಿಹಾಸದ ದೊಡ್ಡ ಜಗಳಗಳೂ ದೊಡ್ಡ ರಾಜಿಗಳೂ ಈ ಪ್ರಶ್ನೆಯ ಸುತ್ತಲೇ ನಡೆದಿವೆ ಎಂಬುದು ನನ್ನ ಓದಿನಲ್ಲಿ ಕಂಡದ್ದು.

ಮೊದಲು ಆ ಎಡೆಯನ್ನೇ ಹತ್ತಿರದಿಂದ ನೋಡೋಣ

ಹಿರಿಯರು ತೀರಿಕೊಂಡ ತಿಥಿಯಂದು ರಾತ್ರಿ ಮಾಡುವ ಪೂಜೆಗೆ ಜೇಸಾ ಎನ್ನುತ್ತಾರೆ. ಮಡಿಚುವ ಪರದೆಯ ಮುಂದೆ ಮೇಜು. ಹಿರಿಯರು ಕೂರುವ ಕಡೆಯನ್ನೇ ಉತ್ತರ ಎಂದು ಲೆಕ್ಕ ಹಿಡಿಯುತ್ತಾರೆ. ಅವರ ಹೆಸರು ಬರೆದ ಮರದ ಫಲಕವನ್ನು ಅಲ್ಲಿ ಇಡುತ್ತಾರೆ. ಫಲಕವಿಲ್ಲದ ಮನೆಯಲ್ಲಿ ಕಾಗದದ ಮೇಲೆ ಬರೆದು, ಪೂಜೆ ಮುಗಿದ ಮೇಲೆ ಸುಡುತ್ತಾರೆ. ಕೆಂಪು ಹಣ್ಣು ಪೂರ್ವಕ್ಕೆ, ಬಿಳಿಯದು ಪಶ್ಚಿಮಕ್ಕೆ. ಮೀನು ಪೂರ್ವಕ್ಕೆ, ಮಾಂಸ ಪಶ್ಚಿಮಕ್ಕೆ. ಪೀಚ್ ಹಣ್ಣು ಇಡುವಂತಿಲ್ಲ, ಅದು ಆತ್ಮಗಳನ್ನು ಓಡಿಸುತ್ತದೆಂಬ ನಂಬಿಕೆ. ಬೆಳ್ಳುಳ್ಳಿಯೂ ಕೆಂಪು ಮೆಣಸಿನ ಪುಡಿಯೂ ನಿಷಿದ್ಧ.

ಮದ್ಯ ಅರ್ಪಿಸಿ ಅಡ್ಡಬಿದ್ದ ಮೇಲೆ ಅನ್ನದ ಬಟ್ಟಲಿಗೆ ಚಮಚವನ್ನು ನೆಟ್ಟಗೆ ಚುಚ್ಚುತ್ತಾರೆ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿ, ಒಂಬತ್ತು ತುತ್ತು ಉಣ್ಣುವಷ್ಟು ಹೊತ್ತು ಕಾಯುತ್ತಾರೆ. ಒಳಗೆ ಹೋಗುವ ಮೊದಲು ಪೂಜೆ ನಡೆಸುವವನು ಕೆಮ್ಮಿ ಸೂಚನೆ ಕೊಡುತ್ತಾನೆ. ಕೊನೆಗೆ ಮನೆಮಂದಿ ಆ ಎಡೆಯನ್ನು ಹಂಚಿಕೊಂಡು ಉಣ್ಣುತ್ತಾರೆ. ಮಹಾಲಯ ಅಮಾವಾಸ್ಯೆಯಂದು ಎಡೆ ಇಟ್ಟು, ಕೋಣೆಯ ಬಾಗಿಲು ಮುಂದೆ ಮಾಡಿ ಹೊರಗೆ ಕೂರುವ ನಮ್ಮ ಮನೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ದಿನನಿತ್ಯದ ಊಟದಲ್ಲಿ ಅನ್ನಕ್ಕೆ ಚಮಚ ಚುಚ್ಚಿಟ್ಟರೆ ಕೊರಿಯಾದ ಹಿರಿಯರು ಗದರುವುದೂ ಇದೇ ಕಾರಣಕ್ಕೆ.

ಇದೆಲ್ಲ ಅನಾದಿಯಿಂದ ಹೀಗೇ ಇತ್ತು ಎಂದುಕೊಳ್ಳಬೇಡಿ. ಜೋಸೊನ್ ರಾಜವಂಶ (1392–1910) ಚೀನಾದ ಝು ಶಿ ಎಂಬ ಪಂಡಿತನ ಹೆಸರಿನ ಗೃಹವಿಧಿಗಳನ್ನು ಆಧಾರವಾಗಿಟ್ಟುಕೊಂಡು, ಕನ್‌ಫ್ಯೂಷಿಯನ್ (ಚೀನಾದ ಕನ್‌ಫ್ಯೂಷಿಯಸ್‌ನ ಪರಂಪರೆಯ) ರೀತಿಯ ಪೂಜೆಯನ್ನು ಮನೆಮನೆಗೆ ಹಬ್ಬಿಸಿತು. ಮೊದಮೊದಲು ಹೆಣ್ಣುಮಕ್ಕಳೂ ಸೇರಿದಂತೆ ಒಡಹುಟ್ಟಿದವರು ಸರದಿಯ ಮೇಲೆ ಜೇಸಾ ಮಾಡುತ್ತಿದ್ದರು, ಆಸ್ತಿಯಲ್ಲೂ ಹೆಣ್ಣುಮಕ್ಕಳಿಗೆ ಪಾಲಿತ್ತು. 17ನೇ ಶತಮಾನದಿಂದೀಚೆಗೆ ಹಿರಿಮಗನೇ ಮಾಡಬೇಕೆಂಬುದು ಗಟ್ಟಿಯಾಯಿತು, ಆಸ್ತಿಯ ಹೆಚ್ಚಿನ ಪಾಲೂ ಅವನ ಕಡೆ ಸರಿಯಿತು. ಪೂಜೆಯ ಹಕ್ಕು ಮತ್ತು ಆಸ್ತಿಯ ಹಕ್ಕು ಜೊತೆಜೊತೆಗೇ ನಡೆದವು ಎಂಬ ಈ ಅಂಶವನ್ನು ಗುರುತು ಹಾಕಿಟ್ಟುಕೊಳ್ಳಿ.

ಬೌದ್ಧರು

ಆಗ ಕೊರಿಯಾದಲ್ಲಿ ಗೊಗುರ್ಯೊ, ಬೆಕ್ಜೆ, ಶಿಲ್ಲಾ ಎಂಬ ರಾಜ್ಯಗಳಿದ್ದವು. ಗೊಗುರ್ಯೊಗೆ ಬೌದ್ಧಧರ್ಮ ಬಂದದ್ದು 372ರಲ್ಲಿ. ಬೆಕ್ಜೆಗೆ 384ರಲ್ಲಿ, ಭಾರತದವನೆಂದು ಪರಂಪರೆ ಹೇಳುವ ಮರಾನಂತ ಎಂಬ ಭಿಕ್ಷುವಿನ ಮೂಲಕ. ಶಿಲ್ಲಾ ಒಪ್ಪಿಕೊಂಡದ್ದು ಇಚಾದೊನ್ ಎಂಬ ಅಧಿಕಾರಿಯ ಬಲಿದಾನದ ಬಳಿಕ, 527ರ ಸುಮಾರಿಗೆ. ಮುಂದೆ ಗೊರ್ಯೊ ರಾಜವಂಶದ ಕಾಲದಲ್ಲಿ (918–1392) ಅದು ರಾಜಾಶ್ರಯದ ಧರ್ಮ. ಮಂಗೋಲರ ದಾಳಿಯ ನಡುವೆ ಕೆತ್ತಿದ ತ್ರಿಪಿಟಕದ 81,258 ಮರದ ಅಚ್ಚುಗಳು ಹೇಇನ್ಸಾ ವಿಹಾರದಲ್ಲಿ ಇಂದಿಗೂ ಇವೆ.

ಹಿರಿಯರ ವಿಷಯದಲ್ಲಿ ಬೌದ್ಧರು ಜಗಳಕ್ಕೆ ಹೋಗಲಿಲ್ಲ. ಸತ್ತವರಿಗೆ ಒಳ್ಳೆಯ ಜನ್ಮ ಸಿಗಲೆಂದು 49 ದಿನಗಳ ವಿಧಿಯನ್ನು ತಮ್ಮದಾಗಿ ಕೊಟ್ಟರು. ವಿಹಾರದ ಮುಖ್ಯ ಮಂದಿರದ ಹಿಂದೆ ಬೆಟ್ಟದ ದೇವರಿಗೂ ಒಂದು ಪುಟ್ಟ ಗುಡಿ ಕಟ್ಟಿದರು. ಹುಲಿಯ ಪಕ್ಕ ಕೂತ ಬಿಳಿಗಡ್ಡದ ಅಜ್ಜನ ಚಿತ್ರ ಅಲ್ಲಿರುತ್ತದೆ. ಜೋಸೊನ್ ಆಳ್ವಿಕೆಯಲ್ಲಿ ಭಿಕ್ಷುಗಳಿಗೆ ರಾಜಧಾನಿಯ ಪ್ರವೇಶ ತಪ್ಪಿಹೋಯಿತು, ಆ ನಿರ್ಬಂಧ ಹೋದದ್ದು 1895ರಲ್ಲಿ.

ಎಡೆ ಸಿಗದ ಸತ್ತವರು

ಮದುವೆಯಾಗದೆ ಸತ್ತವರು, ಕಡಲಲ್ಲಿ ಮುಳುಗಿದವರು, ಸಂತಾನವಿಲ್ಲದವರು: ಇವರಿಗೆ ಜೇಸಾ ಮಾಡುವವರು ಯಾರು? ಕನ್‌ಫ್ಯೂಷಿಯನ್ ವ್ಯವಸ್ಥೆ ಕೈಬಿಟ್ಟ ಇಂಥವರನ್ನು ಕೈಹಿಡಿದವರು ಮುದಾಂಗ್‌ಗಳು, ಅಂದರೆ ದೈವಗಳ ಜೊತೆ, ಸತ್ತವರ ಜೊತೆ ಮಾತಾಡುವ ಕೊರಿಯಾದ ಶಾಮನರು. ಇವರಲ್ಲಿ ಹೆಚ್ಚಿನವರು ಹೆಂಗಸರು. ರಾಜಧಾನಿ ಸೋಲ್ (ಸಿಯೋಲ್) ಮತ್ತು ಅದರ ಉತ್ತರಕ್ಕೆ ಮೈಮೇಲೆ ದೇವರು ಬಂದು ದೀಕ್ಷೆ ಪಡೆದವರು ಹೆಚ್ಚು, ದಕ್ಷಿಣದಲ್ಲಿ ವಂಶಪಾರಂಪರ್ಯದವರು. ಅವರು ನಡೆಸುವ ವಿಧಿಗೆ ಗುತ್ ಎಂದು ಹೆಸರು.

ಜಿಂದೊ ದ್ವೀಪದ ಸ್ಸಿತ್‌ಕಿಮ್ ಗುತ್ ಬಗ್ಗೆ ಸ್ವಲ್ಪ ನಿಧಾನವಾಗಿ ಓದಿ. ಸತ್ತವರ ಬಟ್ಟೆಯನ್ನು ಚಾಪೆಯಲ್ಲಿ ಸುತ್ತಿ, ದೇಹದಂತೆ ನಿಲ್ಲಿಸಿ, ತಲೆಯ ಜಾಗದಲ್ಲಿ ಪಾತ್ರೆ ಇಡುತ್ತಾರೆ. ಮೊದಲು ಮಾಚಿಪತ್ರೆಯ ಜಾತಿಯ ಸೊಪ್ಪಿನ ನೀರು, ಆಮೇಲೆ ಸುಗಂಧದ ನೀರು, ಕೊನೆಗೆ ತಿಳಿನೀರಿನಿಂದ ಅದನ್ನು ತೊಳೆಯುತ್ತಾರೆ. ಉದ್ದನೆಯ ಬಿಳಿಬಟ್ಟೆಯಲ್ಲಿ ಹಾಕಿದ ಗಂಟುಗಳನ್ನು ಒಂದೊಂದಾಗಿ ಬಿಚ್ಚುತ್ತಾರೆ; ಬದುಕಿನಲ್ಲಿ ಉಳಿದ ನೋವೆಲ್ಲ ಆ ಗಂಟುಗಳಲ್ಲಿದೆ. ಬಳಿಕ ಬಟ್ಟೆಯನ್ನೇ ದಾರಿಯಾಗಿ ಹಾಸಿ ಸತ್ತವರನ್ನು ಕಳಿಸಿಕೊಡುತ್ತಾರೆ. ಸೋಲ್ ಕಡೆಯ ಇಂಥ ವಿಧಿಗಳಲ್ಲಿ ಬಾರಿ ರಾಜಕುಮಾರಿಯ ಕಥೆ ಹಾಡುತ್ತಾರೆ. ಏಳನೆಯದೂ ಹೆಣ್ಣೆಂದು ಅಪ್ಪ ಬಿಸಾಡಿದ ಮಗಳು ಅವಳು, ಸಾಯುತ್ತಿರುವ ಅದೇ ಅಪ್ಪನಿಗಾಗಿ ಸತ್ತವರ ಲೋಕ ದಾಟಿ ಜೀವಜಲ ತರುತ್ತಾಳೆ. ಗಂಡುಮಗನಿಗೇ ಮೀಸಲಾದ ಪೂಜೆಯ ನಾಡಿನಲ್ಲಿ ಈ ಕಥೆಯನ್ನು ಹೆಂಗಸರು ಹಾಡಿಕೊಂಡು ಬಂದರು ಎಂಬುದು ನನ್ನನ್ನು ಬಹಳ ತಟ್ಟಿದ ವಿಷಯ. 1970ರ ದಶಕದ ಗ್ರಾಮಾಭಿವೃದ್ಧಿ ಚಳವಳಿಯಲ್ಲಿ ಮೂಢನಂಬಿಕೆಯ ಹೆಸರಿಟ್ಟು ಎಷ್ಟೋ ಊರುಗಳ ದೈವದ ಗುಡಿಗಳನ್ನು ಕೆಡವಿದರು.

1791: ಮುಖ್ಯ ತಿರುವು

ಕೊರಿಯಾದ ಕ್ಯಾಥೊಲಿಕ್ ಸಭೆಯನ್ನು ಹುಟ್ಟುಹಾಕಿದವರು ವಿದೇಶಿ ಪಾದ್ರಿಗಳಲ್ಲ, ಪುಸ್ತಕ ಓದಿ ಒಲಿದ ಅಲ್ಲಿನ ವಿದ್ವಾಂಸರು. ಅವರಲ್ಲಿ ಯಿ ಸುಂಗ್ ಹುನ್ ಬೀಜಿಂಗ್‌ಗೆ ಹೋಗಿ 1784ರಲ್ಲಿ ದೀಕ್ಷಾಸ್ನಾನ ಪಡೆದು ಬಂದ. 1790ರಲ್ಲಿ ಬೀಜಿಂಗ್‌ನ ಬಿಷಪ್ ಕಡೆಯಿಂದ ಅಪ್ಪಣೆ ಬಂತು: ಹಿರಿಯರ ಪೂಜೆ ಮಾಡಕೂಡದು. ಮರುವರ್ಷ ಯುನ್ ಜಿ ಚುಂಗ್ ಎಂಬಾತ ತಾಯಿ ತೀರಿಕೊಂಡಾಗ ಜೇಸಾ ಮಾಡಲಿಲ್ಲ, ಹಿರಿಯರ ಫಲಕಗಳನ್ನೂ ಸುಟ್ಟ. ಅವನನ್ನೂ ಅವನ ಬಂಧು ಗ್ವೊನ್ ಸಾಂಗ್ ಯೊನ್‌ನನ್ನೂ ಜೊಂಜು ಪಟ್ಟಣದಲ್ಲಿ ಶಿರಚ್ಛೇದ ಮಾಡಿದರು. ಅಲ್ಲೇ ಇಂದು ಜೊಂದೊಂಗ್ ಚರ್ಚು ನಿಂತಿದೆ. ಆಸ್ಥಾನದ ಕಣ್ಣಿನಲ್ಲಿ ತಾಯಿಗೆ ಬಾಗದವನು ರಾಜನಿಗೂ ಬಾಗುವವನಲ್ಲ. ಕ್ಯಾಥೊಲಿಕರ ಮೇಲೆ ನಡೆದ 1801, 1839, 1846, 1866ರ ಹಿಂಸೆಗಳನ್ನು ಈ ತರ್ಕದ ಜೊತೆಗಿಟ್ಟು ಓದಿ.

ರೋಮ್ ಆ ನಿಷೇಧವನ್ನು ಸಡಿಲಿಸಿದ್ದು 1939ರಲ್ಲಿ. ಈಗ ಕೊರಿಯಾದ ಕ್ಯಾಥೊಲಿಕರು ಹಿರಿಯರಿಗೆ ಅಡ್ಡಬೀಳಬಹುದು. ಅಡ್ಡಬೀಳದ ಯುನ್ ಜಿ ಚುಂಗ್‌ನನ್ನು 2014ರಲ್ಲಿ ಪೋಪ್ ಫ್ರಾನ್ಸಿಸ್ ಸೋಲ್‌ಗೆ ಬಂದು ಧನ್ಯನೆಂದು (ಸಂತ ಪದವಿಗೆ ಮುಂಚಿನ ಹಂತ) ಘೋಷಿಸಿದರು. ಎರಡನ್ನೂ ಒಟ್ಟಿಗೆ ಹಿಡಿದು ಯೋಚಿಸಿ.

1880ರ ದಶಕದಲ್ಲಿ ಬಂದ ಪ್ರೊಟೆಸ್ಟೆಂಟರು ಇಂದಿಗೂ ಸಾಮಾನ್ಯವಾಗಿ ಅಡ್ಡಬೀಳುವುದಿಲ್ಲ. ತಿಥಿಯಂದು ಕೀರ್ತನೆ ಹಾಡಿ, ಬೈಬಲ್ ಓದಿ ಸ್ಮರಣೆಯ ಪ್ರಾರ್ಥನೆ ಮಾಡುತ್ತಾರೆ. ಕೊರಿಯಾವನ್ನು ಆಳುತ್ತಿದ್ದ ಜಪಾನಿನ ಆಡಳಿತ ತನ್ನ ನಾಡಿನ ಶಿಂಟೊ ಧರ್ಮದ ಗುಡಿಗೆ ಬಾಗಬೇಕೆಂದಾಗಲೂ ಪ್ರಶ್ನೆ ಇದೇ ಆಗಿತ್ತು. 1938ರಲ್ಲಿ ಪ್ರೊಟೆಸ್ಟೆಂಟರ ಒಂದು ಪಂಗಡವಾದ ಪ್ರೆಸ್ಬಿಟೇರಿಯನ್ನರ ಮಹಾಸಭೆ ಒತ್ತಡಕ್ಕೆ ಮಣಿಯಿತು. ಒಪ್ಪದ ಪಾದ್ರಿ ಜು ಗಿ ಚೊಲ್ 1944ರಲ್ಲಿ ಸೆರೆಯಲ್ಲೇ ತೀರಿಕೊಂಡರು.

ದೊಂಘಾಕ್ ತಿರುಗಿಸಿದ ದಿಕ್ಕು

ದೊಂಘಾಕ್ ಎಂಬುದು ಚೊಯೆ ಜೆ ಉ 1860ರಲ್ಲಿ ಸ್ಥಾಪಿಸಿದ, ಕೊರಿಯಾದಲ್ಲೇ ಹುಟ್ಟಿದ ಧರ್ಮ; ಮುಂದೆ 1905ರಲ್ಲಿ ಅದರ ಹೆಸರು ಚೊಂದೊಗ್ಯೊ ಆಯಿತು. ಜಪಾನಿನ ಆಳ್ವಿಕೆಯ ವಿರುದ್ಧದ 1919ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ 33 ಮಂದಿಯಲ್ಲಿ 15 ಮಂದಿ ಇವರು, 16 ಪ್ರೊಟೆಸ್ಟೆಂಟರು, ಇಬ್ಬರು ಬೌದ್ಧರು. ಎರಡನೆಯ ಗುರು ಚೊಯೆ ಸಿ ಹ್ಯೊಂಗ್ 1897ರಲ್ಲಿ ಹೇಳಿದ ಮಾತು ನಮ್ಮ ಪ್ರಶ್ನೆಗೆ ಸಿಕ್ಕ ಅತಿ ದಿಟ್ಟ ಉತ್ತರ: ಹಿರಿಯರ ಚೈತನ್ಯ ಮಕ್ಕಳಲ್ಲೇ ಇದೆ, ಆದ್ದರಿಂದ ಎಡೆಯನ್ನು ಗೋಡೆಯ ಕಡೆಗಲ್ಲ, ನಿಮ್ಮ ಕಡೆಗೇ ಇಡಿ. ಬಗೆಬಗೆಯ ಭಕ್ಷ್ಯಗಳೂ ಬೇಡ, ಒಂದು ಬಟ್ಟಲು ತಿಳಿನೀರು ಸಾಕು.

ಹಬ್ಬದ ಹಿಂದಿನ ದಿನವೆಲ್ಲ ಎಣ್ಣೆಯ ಮುಂದೆ ಕೂತು ಕರಿಯುವ ಕೆಲಸ ಮಾತ್ರ ಸೊಸೆಯಂದಿರ ಪಾಲಿಗೇ ಉಳಿದುಬಂತು. ಈ ಬಗ್ಗೆ ಬೆಳೆದ ಅಸಮಾಧಾನಕ್ಕೆ ಉತ್ತರವಾಗಿ, ಕನ್‌ಫ್ಯೂಷಿಯನ್ ಪರಂಪರೆಯ ಕೇಂದ್ರವಾದ ಸೋಲ್‌ನ ಸುಂಗ್ಯುನ್‌ಗ್ವಾನ್ 2022ರ ಚುಸೊಕ್‌ಗೆ ಮುಂಚೆ ಸರಳ ಎಡೆಯ ಮಾದರಿ ಪ್ರಕಟಿಸಿತು: ಹೆಚ್ಚೆಂದರೆ ಒಂಬತ್ತು ಬಗೆ, ಎಣ್ಣೆಯಲ್ಲಿ ಕರಿದದ್ದು ಇಡಲೇಬೇಕೆಂದಿಲ್ಲ.