ಬೀಡಿ ಪುಸ್ತಕ ಯಾರ ಹೆಸರಿನಲ್ಲಿದೆ?

ಬೀಡಿ ಕಟ್ಟುವ ಹೆಂಗಸರು ಪಿಎಫ್ (ಭವಿಷ್ಯ ನಿಧಿ) ವಿಚಾರಕ್ಕೆಂದು ಮಂಗಳೂರಿನ ನನ್ನ ಆಫೀಸಿಗೆ ಬಂದರೆ ಮೊದಲು ಬ್ರಾಂಚಿನ ಪುಸ್ತಕ, ಅಂದರೆ ಕಟ್ಟಿದ ಬೀಡಿ ತೆಗೆದುಕೊಳ್ಳುವ ಕಡೆ ಲೆಕ್ಕ ಬರೆಸುವ ಪುಸ್ತಕ, ಕೇಳುತ್ತೇನೆ. ಅದರ ಮೇಲೆ ಯಾರ ಹೆಸರಿದೆ ಎಂಬುದರಲ್ಲೇ ಅರ್ಧ ಕೇಸು ತೀರ್ಮಾನವಾಗಿರುತ್ತದೆ.

ಬಂಟ್ವಾಳ, ಬೆಳ್ತಂಗಡಿ, ಕಾರ್ಕಳ ಕಡೆ ಎಷ್ಟೋ ಮನೆಗಳಲ್ಲಿ ಪುಸ್ತಕ ಒಂದೇ, ಅದು ಅತ್ತೆಯದು. ಎಲೆ ನೆನೆಸಿ ಕತ್ತರಿಸುವುದು, ಸೂಪು (ಮೊರ) ತೊಡೆಯ ಮೇಲಿಟ್ಟು ಕಟ್ಟುವುದು, ಕಟ್ಟು ಎಣಿಸುವುದು ಎಲ್ಲ ಸೊಸೆ. ಬ್ರಾಂಚಿನಲ್ಲಿ ಎಂಟ್ರಿ ಬೀಳುವುದು ಅತ್ತೆಯ ಹೆಸರಿಗೆ. ಹೀಗೆ ಮದುವೆಯಾದಂದಿನಿಂದ ಕಟ್ಟಿದ ಒಬ್ಬರು ಬಂದು, "ಅತ್ತೆ ತೀರಿಹೋದ್ರು ಮೇಡಂ, ಇನ್ನು ನನ್ನ ಪಿಎಫ್ ತೆಗೆಯುವುದು ಹೇಗೆ?" ಎಂದು ಕೇಳಿದರು. ಅವರ ಹೆಸರಲ್ಲಿ ಖಾತೆಯೇ ಇರಲಿಲ್ಲ. ಹಣ ಅತ್ತೆಯ ನಾಮಿನಿಯಾಗಿದ್ದ ಮಗನ, ಅಂದರೆ ಇವರ ಗಂಡನ ಕೈಸೇರಿತು.

ಮನೆಯಲ್ಲಿ ಕೂತು ಕಟ್ಟುವವರಿಗೂ ಪಿಎಫ್ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿ 1966ರ ಬೀಡಿ ಕಾಯ್ದೆ ಅವುಗಳಲ್ಲಿ ವಿಲೀನವಾದರೂ ಪಿಎಫ್ ಎಲ್ಲೂ ಹೋಗಿಲ್ಲ. ಆದರೆ ಕಾನೂನು ಗುರುತಿಸುವುದು ದಾಖಲೆಯಲ್ಲಿರುವ ಕೈಯನ್ನು.

ಬೀಡಿಯವರ ಪಿಎಫ್ ವಂತಿಗೆ ಕೂಲಿಯ ಶೇ. 10, ಮಾಲೀಕರದ್ದೂ ಅಷ್ಟೇ. ಮಾಲೀಕರ ಆ ಹತ್ತರಲ್ಲಿ ಕೂಲಿಯ ಶೇ. 8.33 ಪಿಂಚಣಿಗೆ ಹೋಗುತ್ತದೆ. 10 ವರ್ಷ ಸೇವೆಯಾದರೆ 58ನೇ ವಯಸ್ಸಿಗೆ ಪಿಂಚಣಿ. ಒಂಬತ್ತೂವರೆ ಆಗಿದ್ದರೂ ಹತ್ತೆಂದೇ ಎಣಿಕೆ. ಕನಿಷ್ಠ ಪಿಂಚಣಿ ತಿಂಗಳಿಗೆ 1000 ರೂಪಾಯಿ ಎಂದು ನಿಗದಿಯಾದದ್ದು 2014ರಲ್ಲಿ. ಅಂದಿನ ಬಂಗುಡೆ ರೇಟಿಗೂ ಇಂದಿನದಕ್ಕೂ ತಾಳೆ ಹಾಕಿ ನೋಡಿ, ನಾನೇನೂ ಹೇಳಬೇಕಾಗಿಲ್ಲ. ಆದರೂ ಮಾತ್ರೆಗೆ ಮಗನ ಮುಖ ನೋಡಬೇಕಾಗಿಲ್ಲ ಎಂದು ಆ ಸಾವಿರವನ್ನೇ ನೆಚ್ಚಿಕೊಂಡವರು ನನಗೆ ಗೊತ್ತು.

ಮದುವೆ ಗೊತ್ತಾದ ಹುಡುಗಿಯರದು ಬೇರೆ ಕತೆ. ಬಂಗಾರಕ್ಕೆಂದು ಪಿಎಫ್ ತೆಗೆಯುವಾಗ ಪಿಂಚಣಿಯ ದುಡ್ಡನ್ನೂ ಗುಡಿಸಿಕೊಂಡು ಹೋಗುತ್ತಾರೆ. ಅಲ್ಲಿಗೆ ಅಷ್ಟು ವರ್ಷದ ಸೇವೆ ಸೊನ್ನೆ. ಪಿಂಚಣಿಯ ದುಡ್ಡಿಗೆ ಹಾಕುವ ಅದೇ ಫಾರಂ 10ಸಿಯಲ್ಲಿ ಹಣದ ಬದಲು, ಸೇವೆಯ ವರ್ಷಗಳನ್ನು ಹಾಗೇ ಉಳಿಸುವ ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದು. ಮುಂದೆ ಗಂಡನ ಊರಿನಲ್ಲಿ ಬೇರೆ ಬ್ರಾಂಚಿಗೋ ಗೇರುಬೀಜ ಫ್ಯಾಕ್ಟರಿಗೋ ಸೇರಿ ಪಿಎಫ್ ಶುರುವಾದರೆ ಹಳೆಯ ವರ್ಷಗಳು ಅದಕ್ಕೆ ಕೂಡಿಕೊಳ್ಳುತ್ತವೆ.

ಹೆಸರಿನ ತಕರಾರಂತೂ ನಿತ್ಯದ್ದು. ಬ್ರಾಂಚಿನಲ್ಲಿ ಸುಂದರಿ ಪೂಜಾರ್ತಿ, ಆಧಾರ್‌ನಲ್ಲಿ ಬರೀ ಸುಂದರಿ, ಬ್ಯಾಂಕಿನಲ್ಲಿ ಮತ್ತೊಂದು ಇನಿಷಿಯಲ್. ಕ್ಲೇಮು ವಾಪಸ್ ಬರುತ್ತದೆ. ಕಂಪೆನಿ ನಡೆಯುತ್ತಿರುವಾಗಲೇ, ನೀವೂ ಕಂಪೆನಿಯವರೂ ಸೇರಿ ಕೊಡುವ ಜಂಟಿ ಘೋಷಣೆ ಕೊಟ್ಟು ಸರಿಮಾಡಿಸಿ. ಮುಚ್ಚಿದ ಮೇಲೆ ಸಹಿ ಹಾಕುವವರನ್ನು ಹುಡುಕುವುದೇ ದೊಡ್ಡ ಫಜೀತಿ.

ಇನ್ನೂ ಅತ್ತೆಯ ಪುಸ್ತಕದಲ್ಲೇ ಕಟ್ಟುತ್ತಿರುವವರು ಬ್ರಾಂಚಿನಲ್ಲಿ ಸ್ವಂತ ಪುಸ್ತಕ ಕೇಳಿ. "ಈಗ ಕೆಲಸವೇ ಕಮ್ಮಿ, ಹೊಸಬರಿಗೆ ಇಲ್ಲ" ಎಂದರೆ ಬಾಯಿಮಾತಿನಲ್ಲಿ ಬಿಡಬೇಡಿ. ಅರ್ಜಿ ಬರೆದುಕೊಟ್ಟು, ತಲುಪಿದ್ದಕ್ಕೆ ಸಹಿ ಹಾಕಿಸಿಕೊಂಡು, ಸಂಘದವರ ಜೊತೆ ಕಾರ್ಮಿಕ ಅಧಿಕಾರಿಯ ಬಳಿ ಹೋಗಿ. ಮನೆಯಲ್ಲಿ ಅತ್ತೆಗೆ ಬೇಸರವಾದೀತು ಎಂಬ ಅಳುಕು ಇರುತ್ತದೆ, ಗೊತ್ತು. ಅವರಿಗೆ 58 ದಾಟಿದ್ದರೆ ಇದೊಂದು ಮಾತು ತಿಳಿಸಿ ಹೇಳಿ: ಆ ವಯಸ್ಸಿನ ನಂತರ ಸಾಮಾನ್ಯವಾಗಿ ಪಿಂಚಣಿ ನಿಧಿಗೆ ವಂತಿಗೆ ನಿಲ್ಲುತ್ತದೆ. ಹಾಗೆ ನಿಂತ ಮೇಲೆ ಅವರ ಪುಸ್ತಕಕ್ಕೆ ಇನ್ನೆಷ್ಟು ಸಾವಿರ ಬೀಡಿ ಬರೆಸಿದರೂ ಅವರ ಪಿಂಚಣಿ ಒಂದು ರೂಪಾಯಿಯೂ ಏರುವುದಿಲ್ಲ, ಸೊಸೆಯ ಲೆಕ್ಕಕ್ಕಂತೂ ಒಂದು ದಿನವೂ ಸೇರುವುದಿಲ್ಲ.