ಹೆಡ್‌ಲೈಟ್ ಮಂಕಾದರೆ ಬಲ್ಬನ್ನು ಬಯ್ಯಬೇಡಿ

ಮಳೆಗಾಲ ಶುರುವಾಯಿತೆಂದರೆ ಸಕಲೇಶಪುರದ ಕಡೆಯ ಆಟೋ ಎಲೆಕ್ಟ್ರಿಷಿಯನ್‌ಗಳಿಗೆಲ್ಲ ಒಂದೇ ಬೇಡಿಕೆ. "ಅಣ್ಣಾ, ರಾತ್ರಿ ಶಿರಾಡಿ ಇಳೀಬೇಕು, ಲೈಟ್ ಸಾಲ್ತಾ ಇಲ್ಲ. ಜಾಸ್ತಿ ವ್ಯಾಟ್‌ದು ಒಂದು ಜೊತೆ ಹಾಕಿಬಿಡಿ." ಹಾಕಬಹುದು, ದೊಡ್ಡ ಕೆಲಸವೇನಲ್ಲ. ಆದರೆ ನಾನು ಮೊದಲು ಬಲ್ಬ್ ಮುಟ್ಟುವುದಿಲ್ಲ. ಇಂಥ ಗಾಡಿಗಳಲ್ಲಿ ಬಲ್ಬ್ ಸರಿಯಾಗಿಯೇ ಇರುವುದು ಜಾಸ್ತಿ. ಒಂದೋ ಅದಕ್ಕೆ ಕರೆಂಟು ಪೂರ್ತಿ ಸಿಗುತ್ತಿರುವುದಿಲ್ಲ, ಇಲ್ಲಾ ಬೆಳಕು ಗಾಜು ದಾಟಿ ಆಚೆ ಬರುತ್ತಿರುವುದಿಲ್ಲ.

ಎಂಜಿನ್ ಸ್ಟಾರ್ಟ್ ಮಾಡಿ, ಲೈಟ್ ಹಾಕಿ, ಬ್ಯಾಟರಿಗೆ ಮೀಟರ್ ಹಿಡಿದರೆ 14 ವೋಲ್ಟ್ ಆಸುಪಾಸು ತೋರಿಸುತ್ತದೆ. ಅದೇ ಮೀಟರನ್ನು ಬಲ್ಬಿನ ಹಿಂದೆ ವೈರ್ ಸಿಕ್ಕಿಸುವ ಕಪ್ಲರ್‌ಗೆ ಹಿಡಿಯಿರಿ. ಹಳೇ ಗಾಡಿಗಳಲ್ಲಿ ಕೆಲವೊಮ್ಮೆ 12ಕ್ಕೂ ಕೆಳಗೆ ಇಳಿದಿರುತ್ತದೆ. ಎರಡು ವೋಲ್ಟ್ ತಾನೇ ಅನ್ನಬೇಡಿ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇ 10ರಷ್ಟು ಕಮ್ಮಿಯಾದರೆ ಬೆಳಕು ಸುಮಾರು ಶೇ 30ರಷ್ಟು ಕಮ್ಮಿಯಾಗುತ್ತದೆ. ಹೋದ ವೋಲ್ಟ್ ಎಲ್ಲಿ ಹೋಯಿತು ಅಂತ ಹುಡುಕಿದರೆ ಸಾಮಾನ್ಯವಾಗಿ ಸಿಗುವುದು ತುಕ್ಕು ಹಿಡಿದ ಅರ್ತ್ ಬೋಲ್ಟ್, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗಲು ವೈರನ್ನು ಗಾಡಿಯ ಬಾಡಿಗೆ ಬಿಗಿದ ಬೋಲ್ಟ್. ಬಿಚ್ಚಿ, ಕೆಳಗಿನ ತಗಡು ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ ಸ್ವಲ್ಪ ಗ್ರೀಸ್ ಸವರಿದರೆ ಎಷ್ಟೋ ಗಾಡಿಗಳ ದೂರು ಅಲ್ಲೇ ಮುಗಿಯುತ್ತದೆ. ಇನ್ನು ಕೆಲವು ಹಳೇ ಗಾಡಿಗಳಲ್ಲಿ ಹೆಡ್‌ಲೈಟಿನ ಇಡೀ ಕರೆಂಟು ಸ್ಟೀರಿಂಗ್ ಪಕ್ಕದ ಸ್ವಿಚ್ ಮೂಲಕವೇ ಹಾದು ಬರುತ್ತದೆ. ಅದಕ್ಕೆ ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಪುಟ್ಟ ಡಬ್ಬಿ) ಕೂರಿಸಿ, ಫ್ಯೂಸ್ ಇಟ್ಟು ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆದರೆ ಅದೇ ಹಳೇ ಬಲ್ಬು ಹೊಸದರ ಹಾಗೆ ಉರಿಯುತ್ತದೆ.

ಇದನ್ನೆಲ್ಲ ಬಿಟ್ಟು 60/55 ವ್ಯಾಟಿನ (ಹೈ ಬೀಮ್‌ಗೆ 60, ಲೋ ಬೀಮ್‌ಗೆ 55) ಎಚ್4, ಅಂದರೆ ಹೈ-ಲೋ ಎರಡೂ ಒಂದರಲ್ಲೇ ಇರುವ ಬಲ್ಬಿನ ಜಾಗಕ್ಕೆ 100/90 ತುರುಕಿದರೆ ಏನಾಗುತ್ತದೆ ಗೊತ್ತಾ? ವೈರ್ ಅದೇ, ಎಳೆಯುವ ಕರೆಂಟು ಒಂದೂವರೆ ಪಟ್ಟಿಗೂ ಜಾಸ್ತಿ. ಬಿಳಿ ಕಪ್ಲರ್ ಮೊದಲು ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಪಿನ್ ಸುತ್ತ ಕರಗುತ್ತದೆ. ಬಲ್ಬ್ ಕೀಳಲು ಹೋದರೆ ಕಪ್ಲರ್ ಅದಕ್ಕೇ ಅಂಟಿಕೊಂಡು ಬರುತ್ತದೆ.

ಬಲ್ಬೇ ಹೋಗಿದ್ದರೆ ಎರಡೂ ಕಡೆ ಒಟ್ಟಿಗೆ ಬದಲಿಸಿ. ಒಂದು ಹೋದ ಮೇಲೆ ಇನ್ನೊಂದು ಜಾಸ್ತಿ ದಿನ ಬಾಳುವುದಿಲ್ಲ. ಗಾಜು ಮುಟ್ಟಬೇಡಿ, ಬುಡ ಹಿಡಿಯಿರಿ. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಅತಿಯಾಗಿ ಕಾದು ಉಬ್ಬುತ್ತದೆ. ಮುಟ್ಟಿಬಿಟ್ಟರೆ ಸ್ಪಿರಿಟ್‌ನಿಂದ ಒರೆಸಿ. ಹಿಂದಿನ ರಬ್ಬರ್ ಟೋಪಿಯನ್ನು ವಾಪಸ್ ಹಾಕಲು ಮರೆಯಬೇಡಿ. ಮಳೆಯಲ್ಲಿ ಒಳಗೆ ನೀರು ನಿಲ್ಲುವುದಕ್ಕೆ ಆ ಟೋಪಿ ಇಲ್ಲದಿರುವುದೇ ಎಷ್ಟೋ ಸಲ ಕಾರಣ. ಬೆಳಗ್ಗೆ ತೆಳ್ಳಗೆ ಮಂಜು ಕಟ್ಟಿ, ಲೈಟ್ ಹಾಕಿದ ಮೇಲೆ ಆರಿದರೆ ಚಿಂತೆ ಬೇಡ. ಹನಿ ಇಳಿಯುತ್ತಿದ್ದರೆ ಮಾತ್ರ ಬಿಚ್ಚಿಸಿ. ಹಾಗಂತ ಒಳಗಿನ ರಿಫ್ಲೆಕ್ಟರನ್ನು ಬಟ್ಟೆ ಹಾಕಿ ಒರೆಸಬೇಡಿ, ಬೆಳ್ಳಿಯಂತೆ ಹೊಳೆಯುವ ಲೇಪ ಬಟ್ಟೆಯ ಜೊತೆ ಬಂದುಬಿಡುತ್ತದೆ.

ಎಲ್‌ಇಡಿ ಬಗ್ಗೆ ದಿನಾ ಕೇಳುತ್ತಾರೆ. ಕಂಪನಿಯಿಂದಲೇ ಎಲ್‌ಇಡಿ ಲ್ಯಾಂಪ್ ಬಂದಿದ್ದರೆ ಒಳ್ಳೆಯದು. ಹ್ಯಾಲೊಜೆನ್‌ಗೆಂದು ಮಾಡಿದ ರಿಫ್ಲೆಕ್ಟರಿಗೆ ಎಲ್‌ಇಡಿ ಬಲ್ಬ್ ಸಿಕ್ಕಿಸುವುದು ಬೇರೆ ಮಾತು. ಎಚ್4 ಬಲ್ಬಿನಲ್ಲಿ ಲೋ ಬೀಮ್ ತಂತಿಯ ಕೆಳಗೆ ಪುಟ್ಟ ಲೋಹದ ಬಟ್ಟಲು ಇರುತ್ತದೆ. ಬೆಳಕು ಎದುರಿನವರ ಕಣ್ಣಿಗೆ ಏರದಂತೆ ತಡೆಯುವುದೇ ಅದು. ಬೆಳಕು ಹುಟ್ಟುವ ಜಾಗ ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ಲೆಕ್ಕ ತಪ್ಪುತ್ತದೆ. ಆಗ ನಿಮಗೆ ಬಾನೆಟ್ ಮುಂದೆ ಬೆಳ್ಳಗೆ ಕಾಣುತ್ತದೆ, ದೂರ ಕಾಣುವುದಿಲ್ಲ, ಎದುರಿನವನಿಗೆ ಏನೂ ಕಾಣುವುದಿಲ್ಲ.

ಈಗ ಹಳದಿ ಗಾಜು. ಗಾಜು ಅನ್ನುತ್ತೇವೆ, ಈಗಿನ ಗಾಡಿಗಳಲ್ಲಿ ಅದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಮೇಲಿನ ಲೇಪ ಬಿಸಿಲಿಗೆ ಸವೆದ ಮೇಲೆ ಹಳದಿಯಾಗುತ್ತದೆ. ಟೂತ್‌ಪೇಸ್ಟ್ ಉಜ್ಜಿದರೆ ಕೆಲವು ದಿನ ಹೊಳೆಯುತ್ತದೆ, ಅಷ್ಟೇ. ಸರಿಯಾಗಿ ಮಾಡುವುದಾದರೆ ಸುತ್ತಲಿನ ಪೇಂಟಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ನೀರು ಹಾಕುತ್ತಾ 800 ನಂಬರಿನ ವಾಟರ್ ಪೇಪರ್‌ನಿಂದ ಶುರು ಮಾಡಿ. ಮೊದಲು ಹಳದಿ ನೀರು ಇಳಿಯುತ್ತದೆ. ಅದು ಬೆಳ್ಳಗಾಗುವ ತನಕ ಬಿಡಬೇಡಿ, ಹಳೇ ಲೇಪ ಪೂರ್ತಿ ಹೋಯಿತು ಅನ್ನುವುದಕ್ಕೆ ಅದೇ ಗುರುತು. ಈ ಹಂತದಲ್ಲಿ ಲೆನ್ಸ್ ಹಾಲಿನ ಹಾಗೆ ಮಸುಕಾಗಿರುತ್ತದೆ, ಗಿರಾಕಿಗಳು ಗಾಬರಿಯಾಗುತ್ತಾರೆ. 1000, 2000, 3000 ಅಂತ ನುಣುಪು ಮಾಡುತ್ತಾ ಹೋಗಿ, ಕೊನೆಗೆ ಪಾಲಿಶ್ ಹಾಕಿದರೆ ತಿಳಿಯಾಗುತ್ತದೆ. ಅದರ ಮೇಲೆ ಯುವಿ ತಡೆಯುವ ಕ್ಲಿಯರ್ ಕೋಟ್ ಹೊಡೆಯಲೇಬೇಕು. ದುಡ್ಡು ಉಳಿಸಲು ಇದನ್ನು ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ.

ಲೆನ್ಸ್ ಒಳಗಡೆಯೇ ಬಿರುಕು ಬಿಟ್ಟಿದ್ದರೆ, ರಿಫ್ಲೆಕ್ಟರ್ ಕಪ್ಪಾಗಿದ್ದರೆ ಇಡೀ ಡೂಮ್, ಅಂದರೆ ಲೆನ್ಸ್, ರಿಫ್ಲೆಕ್ಟರ್ ಸಮೇತ ಪೂರ್ತಿ ಲ್ಯಾಂಪು ಬದಲಿಸುವುದೇ ದಾರಿ. ಬೆಂಗಳೂರಿನ ಜೆಸಿ ರಸ್ತೆಯಿಂದ ತಂದರೂ ಸರಿ, ಆನ್‌ಲೈನ್‌ನಲ್ಲಿ ತರಿಸಿದರೂ ಸರಿ, ನಮ್ಮ ದೇಶದ ರಸ್ತೆಗೆ ಮಾಡಿದ್ದೇ ಅಂತ ನೋಡಿಕೊಳ್ಳಿ. ನಮ್ಮಲ್ಲಿ ಬೆಳಕು ಎಡ ಅಂಚಿನ ಕಡೆ ಸ್ವಲ್ಪ ಮೇಲೇರಬೇಕು. ಬಲಗಡೆ ಗಾಡಿ ಓಡಿಸುವ ದೇಶದ ಲ್ಯಾಂಪು ಎದುರಿನವನ ಕಣ್ಣಿಗೇ ಗುರಿ ಇಡುತ್ತದೆ.

ಡೂಮ್ ಕೂರಿಸಿದ ಮೇಲೆ ಗುರಿ ಹೊಂದಿಸದೆ ಗ್ಯಾರೇಜಿನಿಂದ ಹೊರಡಬೇಡಿ. ಸಮತಟ್ಟು ಜಾಗ, ಟೈರಿನಲ್ಲಿ ಸರಿಯಾದ ಗಾಳಿ, ಡ್ರೈವರ್ ಸೀಟಿನಲ್ಲಿ ಒಬ್ಬರು, ಬೆಳಕನ್ನು ಮೇಲೆ-ಕೆಳಗೆ ಮಾಡುವ ಲೆವೆಲಿಂಗ್ ಗುಂಡಿ ಸೊನ್ನೆಯಲ್ಲಿ. ಗೋಡೆಯಿಂದ 25 ಅಡಿ ದೂರ ನಿಲ್ಲಿಸಿ ಲೋ ಬೀಮ್ ಹಾಕಿದರೆ, ಬೆಳಕಿನ ಮೇಲಂಚು ಲ್ಯಾಂಪಿನ ನಡುಮಟ್ಟಕ್ಕಿಂತ ಮೂರು ಇಂಚಿನಷ್ಟು ಕೆಳಗಿರಬೇಕು. ಹಿಂದೆ ಮೂರು ಜನ, ಡಿಕ್ಕಿ ತುಂಬ ಲಗೇಜ್ ಹೇರಿಕೊಂಡು ಧರ್ಮಸ್ಥಳಕ್ಕೆ ಹೊರಟ ದಿನ ಆ ಲೆವೆಲಿಂಗ್ ಗುಂಡಿಯನ್ನು 2ಕ್ಕೋ 3ಕ್ಕೋ ತಿರುಗಿಸಿ. ಅದು ಇರುವುದೇ ಇದಕ್ಕೆ.